ಅಪ್‌ಡೇಟ್ ಹೆಸರಲ್ಲಿ ವೈಫೈ ಫೈಲ್ ಶೇರಿಂಗ್ ಕಿತ್ತುಕೊಂಡ ಮೊಬೈಲ್ ಕಂಪನಿಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಫೋನಿನ ಫೈಲುಗಳನ್ನು ವೈಫೈ ಮೂಲಕ ಕಂಪ್ಯೂಟರಿನಲ್ಲಿ ತೆರೆಯುವ ಸೌಲಭ್ಯ ತೆಗೆದುಹಾಕಿರುವ ಬಗ್ಗೆ

ಮಾನ್ಯರೇ,

ನಾನು ಕೋಲಾರ ಎಪಿಎಂಸಿಯ ಟೊಮೇಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ನಿಮ್ಮ ಫೋನ್ ಕೊಂಡಿದ್ದು ಕ್ಯಾಮೆರಾ ನೋಡಿ ಅಲ್ಲ, ಫೈಲ್ ಮ್ಯಾನೇಜರಿನಲ್ಲಿದ್ದ ‘ಕಂಪ್ಯೂಟರ್‌ಗೆ ಕನೆಕ್ಟ್ ಮಾಡಿ’ ಅನ್ನೋ ಬಟನ್ ನೋಡಿ. ಹೊಸ ಅಪ್‌ಡೇಟ್ ಹಾಕಿಕೊಂಡ ಮೇಲೆ ಆ ಬಟನ್ನೇ ಮಾಯ.

ಅದರಿಂದ ನನಗೇನು ಕೆಲಸ ಅಂತೀರಾ? ಹರಾಜು ಮುಗಿದು 15 ಕೆಜಿ ಬಾಕ್ಸುಗಳು ಲಾರಿ ಏರುವಾಗ ನಾನು ವಿಡಿಯೋ ಮಾಡಿಕೊಳ್ಳುತ್ತೇನೆ. ಮಾಲು ಹೊರರಾಜ್ಯಕ್ಕೆ ಹೋಗುತ್ತೆ. ಅಲ್ಲಿ ಇಳಿಸಿಕೊಂಡ ಪಾರ್ಟಿ ಫೋನ್ ಮಾಡಿ ‘ಅರ್ಧ ಕೊಳೆತಿದೆ, ದುಡ್ಡು ಮುರ್ಕೊಳ್ತೀನಿ’ ಅಂದರೆ, ಇಲ್ಲಿಂದ ಹೊರಟಾಗ ಕಾಯಿ ಗಟ್ಟಿಯಿತ್ತು ಅಂತ ತೋರಿಸೋಕೆ ಆ ವಿಡಿಯೋ ಬಿಟ್ಟರೆ ನಮ್ಮ ಹತ್ತಿರ ಬೇರೇನಿಲ್ಲ. ಅದು ಅವತ್ತೇ ಮಂಡಿಯ ಕಂಪ್ಯೂಟರಿಗೆ ಹೋಗಬೇಕು.

ಮೊದಲು ಇದು ಎಷ್ಟು ಸಲೀಸಾಗಿತ್ತು! ಫೋನು, ಕಂಪ್ಯೂಟರು ಒಂದೇ ವೈಫೈನಲ್ಲಿದ್ದರೆ ಸಾಕು. ಬಟನ್ ಒತ್ತಿದರೆ ftp://192.168 ಅಂತ ಶುರುವಾಗೋ ವಿಳಾಸ, ಕೊನೆಗೆ 2121 ಅನ್ನೋ ಪೋರ್ಟ್ ನಂಬರ್ ಬರುತ್ತಿತ್ತು. ಅದನ್ನು ವಿಂಡೋಸ್ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಟೈಪ್ ಮಾಡಿದರೆ ಫೋನಿನ ಫೋಲ್ಡರುಗಳೆಲ್ಲ ಕಣ್ಣೆದುರು. ಇಂಟರ್ನೆಟ್ ಬೇಕಾಗೇ ಇರಲಿಲ್ಲ. ಸೀಸನ್‌ನಲ್ಲಿ ಇಡೀ ಮಾರುಕಟ್ಟೆ ಒಟ್ಟಿಗೆ ಫೋನ್ ಹಿಡಿದಿರುವಾಗ ನೆಟ್‌ವರ್ಕ್ ಎಲ್ಲಿ ಸಿಗುತ್ತೆ ಹೇಳಿ?

ನಿಮ್ಮ ಕಸ್ಟಮರ್ ಕೇರ್‌ನವರು ‘ಕ್ಲೌಡ್ ಬಳಸಿ ಸರ್’ ಅಂದರು. ಒಂದೇ ಮೇಜಿನ ಮೇಲಿರುವ ಫೋನಿಂದ ಕಂಪ್ಯೂಟರಿಗೆ ಫೈಲ್ ಹೋಗೋಕೆ ಅದು ಯಾವುದೋ ಸರ್ವರಿಗೆ ಹೋಗಿ ವಾಪಸ್ ಬರಬೇಕಾ? ಪಕ್ಕದ ಮಂಡಿಗೆ ಬಾಕ್ಸ್ ಕೊಡೋಕೆ ಲಾರಿ ಹತ್ತಿಸಿ ಚೆನ್ನೈ ಸುತ್ತಿಸಿದ ಹಾಗಾಯ್ತು. ಪುಕ್ಕಟೆ ಜಾಗ ತುಂಬಿದ ಮೇಲೆ ತಿಂಗಳು ತಿಂಗಳು ದುಡ್ಡು ಬೇರೆ. ಬಟನ್ ತೆಗೆದಿದ್ದು ಇದಕ್ಕೇ ಇರಬೇಕು ಅನ್ನೋ ಅನುಮಾನ ನನಗಿದೆ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಕುಗ್ಗಿ ಮಸುಕಾಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗಲ್ಲ ನಿಜ, ಆದರೆ ಅದಕ್ಕೂ ಇಂಟರ್ನೆಟ್ಟೇ ಬೇಕು. ಕೇಬಲ್ ಮಾತು ಬೇಡ. ಮಾರುಕಟ್ಟೆ ಧೂಳಿಗೆ ಚಾರ್ಜಿಂಗ್ ಪೋರ್ಟ್ ಸಡಿಲವಾಗಿ, ಮುಟ್ಟಿದರೆ ಕನೆಕ್ಷನ್ ಹೋಗುತ್ತೆ.

ಪ್ಲೇ ಸ್ಟೋರಿನಿಂದ ಬೇರೆ ಆಪ್ ಕೂಡ ಹಾಕಿ ನೋಡಿದೆ. ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೆ ನಿಮ್ಮ ಬ್ಯಾಟರಿ ಸೇವರ್ ಅದನ್ನು ನಿಲ್ಲಿಸಿಬಿಡುತ್ತೆ, ಕಾಪಿ ಅರ್ಧಕ್ಕೇ ನಿಲ್ಲುತ್ತೆ. ಫೋನಿನಲ್ಲಿ ತೆಗೆದ ಎಂಪಿ4 ವಿಡಿಯೋದಲ್ಲಿ ಯಾವ ದೃಶ್ಯ ಎಲ್ಲಿದೆ ಅಂತ ಪ್ಲೇಯರಿಗೆ ಹೇಳೋ ಸೂಚಿ ಸಾಮಾನ್ಯವಾಗಿ ಫೈಲಿನ ಕೊನೆಯಲ್ಲಿರುತ್ತೆ. ಹಾಗಾಗಿ ಮುಕ್ಕಾಲು ಭಾಗ ಬಂದಿದ್ದರೂ ಪ್ಲೇಯರಿನಲ್ಲಿ ಒಂದು ಸೆಕೆಂಡೂ ಓಡಲ್ಲ.

ಮೇಲ್ ಬರೆದಾಗ ‘ಸುರಕ್ಷತೆಗಾಗಿ ತೆಗೆದಿದ್ದೇವೆ’ ಅಂತ ಉತ್ತರ ಬಂತು. ಈ ಮಾತಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ. ಆ ಬಟನ್ ಬಳಸುತ್ತಿದ್ದ, ಫೈಲ್ ಕಳಿಸೋ ಎಫ್‌ಟಿಪಿ ಅನ್ನೋ ವಿಧಾನ 1971ರಷ್ಟು ಹಳೆಯದು. ಪಾಸ್‌ವರ್ಡ್ ಕೂಡ ಅದರಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತೆ. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳೆರಡೂ 2021ರಲ್ಲೇ ಅದನ್ನು ಕೈಬಿಟ್ಟಿವೆ. ಹಾಗಿದ್ದರೆ ಅದೇ ಕೆಲಸವನ್ನು ಸುರಕ್ಷಿತವಾಗಿ ಮಾಡೋ ಎಸ್‌ಎಫ್‌ಟಿಪಿ ಕೊಡಿ. ಅದರಲ್ಲಿ ಎಲ್ಲವೂ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಬೇರೆಯವರು ಓದಲಾಗದ ಹಾಗೆ ಹೋಗುತ್ತೆ, ಕಂಪ್ಯೂಟರಿನಲ್ಲಿ ತೆರೆಯೋಕೆ ವಿನ್‌ಎಸ್‌ಸಿಪಿ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಇದೆ. ಎಚ್‌ಟಿಟಿಪಿಎಸ್ ಮೇಲೆ ವೆಬ್‌ಡ್ಯಾವ್ ಅನ್ನೋ ಇನ್ನೊಂದು ಸುರಕ್ಷಿತ ವಿಧಾನ ಕೊಟ್ಟರೂ ಆದೀತು. ದಾರಿ ಇರುವಾಗ ಇದ್ದದ್ದನ್ನು ಸುಮ್ನೆ ಕಿತ್ತು ಹಾಕೋದು ಯಾವ ನ್ಯಾಯ? ನಿಮ್ಮ ಡಬ್ಬಿಯ ಮೇಲೆ ಇವತ್ತಿಗೂ ‘ವೈರ್ ಇಲ್ಲದೆ ಫೈಲ್ ವರ್ಗಾವಣೆ’ ಅಂತಲೇ ಇದೆ, ಅಲ್ವಾ?

ಆದ್ದರಿಂದ ಈ ಸೌಲಭ್ಯವನ್ನು ಸುರಕ್ಷಿತ ರೂಪದಲ್ಲಿ ವಾಪಸ್ ಕೊಡಿ, ಯಾವಾಗ ಕೊಡುತ್ತೀರಿ ಅಂತ ಬರವಣಿಗೆಯಲ್ಲಿ ತಿಳಿಸಿ. ಆಗಲ್ಲ ಅಂದರೆ ಫೋನ್ ವಾಪಸ್ ತೆಗೆದುಕೊಂಡು ದುಡ್ಡು ಕೊಡಿ. ಅಲ್ಲಿಯವರೆಗೆ ಫೈಲ್ ಶೇರಿಂಗ್ ಆಪ್‌ಗಳನ್ನು ಬ್ಯಾಟರಿ ಸೇವರ್ ಮುಟ್ಟದ ಹಾಗೆ ಮಾಡೋದು ಹೇಗೆ ಅಂತ ನಿಮ್ಮ ಸರ್ವಿಸ್ ಸೆಂಟರಿನವರಿಗಾದರೂ ಹೇಳಿಕೊಡಿ. ಅವರಿಗೆ ಗೊತ್ತಿರೋದು ಫ್ಯಾಕ್ಟರಿ ರೀಸೆಟ್ ಒಂದೇ.

15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ವಸ್ತುವಿಗೆ ಕೊಟ್ಟ ದುಡ್ಡು 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಬಿಲ್ಲು, ಡಬ್ಬಿಯ ಫೋಟೋ, ನಿಮ್ಮ ಮೇಲ್‌ನ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ,
ಟೊಮೇಟೊ ಮಂಡಿ ಗುಮಾಸ್ತ, ಕೋಲಾರ