ಮಗಳನ್ನು ತಡೆಯಬೇಡಿ

ಬರ್ಲಿನ್

ಪ್ರೀತಿಯ ಅಣ್ಣ ಮತ್ತು ಅತ್ತಿಗೆಗೆ ನಮಸ್ಕಾರಗಳು.

ಪ್ಲಸ್ ಟು ಮುಗಿಸಿ ಆರ್ಕಿಟೆಕ್ಚರ್ ಓದುತ್ತೇನೆಂದು ಮಗಳು ಹಟ ಹಿಡಿದಿರುವುದನ್ನೂ, ಮನೆ ಕಟ್ಟಲು ಮೇಸ್ತ್ರಿ ಸಾಲದೇ ಎಂದು ನೆಂಟರು ಕೇಳುತ್ತಿರುವುದನ್ನೂ ನೀವು ಬರೆದಿದ್ದಿರಿ. ಅವಳನ್ನು ತಡೆಯಬೇಡಿ ಎಂದು ಕೇಳಿಕೊಳ್ಳಲೆಂದೇ ಈ ಪತ್ರ.

ನಾನಿರುವ ಈ ಊರಿನಲ್ಲಿ ಫ್ರಾನ್ಸಿಸ್ ಕೆರೆ ಎಂಬ ವಾಸ್ತುಶಿಲ್ಪಿಯ ಕಚೇರಿಯಿದೆ. ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯವರಾದ ಅವರು ಬಡಗಿ ಕೆಲಸದ ತರಬೇತಿಗೆಂದು ಜರ್ಮನಿಗೆ ಬಂದು, ಬಳಿಕ ಇಲ್ಲಿ ವಾಸ್ತುಶಿಲ್ಪ ಕಲಿತರು. ವಿದ್ಯಾರ್ಥಿಯಾಗಿದ್ದಾಗಲೇ ತಮ್ಮ ಹಳ್ಳಿಗೊಂದು ಶಾಲೆಯನ್ನು ವಿನ್ಯಾಸಗೊಳಿಸಿ, ಊರವರನ್ನೇ ಕೂಡಿಸಿಕೊಂಡು 2001ರಲ್ಲಿ ಕಟ್ಟಿ ಮುಗಿಸಿದರು. ಅದರ ಗೋಡೆ ಅಲ್ಲಿಯ ಮಣ್ಣಿನ ಇಟ್ಟಿಗೆಯದು. ಅದರ ಮೇಲೆ ಮಣ್ಣಿಟ್ಟಿಗೆಯದೇ ಒಳಮಾಡು, ಅದಕ್ಕೂ ಮೇಲೆ, ಗಾಳಿಯಾಡಲು ಅಂತರ ಬಿಟ್ಟು, ಕಬ್ಬಿಣದ ಸರಳುಗಳ ಚೌಕಟ್ಟಿನಲ್ಲಿ ಎತ್ತಿ ನಿಲ್ಲಿಸಿದ ತಗಡಿನ ಮಾಡು. ಕಾದ ಗಾಳಿ ಆ ಅಂತರದಲ್ಲಿ ಹೊರಟುಹೋಗುವುದರಿಂದ ಮಕ್ಕಳು ಕುಳಿತ ಕೋಣೆ ತಂಪಾಗಿಯೇ ಉಳಿಯುತ್ತದೆ. ಆ ಶಾಲೆಗೆ 2004ರಲ್ಲಿ ವಾಸ್ತುಶಿಲ್ಪಕ್ಕಾಗಿ ಕೊಡುವ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಕೆರೆಯವರಿಗೆ ವಾಸ್ತುಶಿಲ್ಪಿಗಳ ಪಾಲಿನ ಅತಿ ದೊಡ್ಡ ಗೌರವವಾದ ಪ್ರಿಟ್ಸ್ಕರ್ ಪ್ರಶಸ್ತಿ ದೊರೆಯಿತು, ಆಫ್ರಿಕಾದಲ್ಲಿ ಹುಟ್ಟಿದ ಕಪ್ಪು ವರ್ಣೀಯರೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ಹಂಚಿನ ಮಾಡು, ಕೆಳಗೆ ಹಲಗೆ ಹಾಸಿದ ಅಟ್ಟ, ನಡುವೆ ಗಾಳಿ: ನಮ್ಮ ಹಿರಿಯರ ಮನೆಯಲ್ಲಿಯೂ ಇರುವುದು ಇದೇ ಉಪಾಯವಲ್ಲವೇ? ಈಗ ಕಾಸರಗೋಡಿನ ಕಡೆ ಕಾಂಕ್ರೀಟಿನ ತಾರಸಿ ಹಾಕಿಸಿ, ಸೆಕೆಗೂ ಸೋರಿಕೆಗೂ ಬೇಸತ್ತು, ಅದರ ಮೇಲೆ ಮತ್ತೆ ತಗಡು ಹೊದಿಸುವವರೇ ಹೆಚ್ಚು. ಒಂದೇ ಮನೆಗೆ ಎರಡು ಮಾಡಿನ ಖರ್ಚು! ನಮ್ಮ ಮಳೆಯನ್ನೂ ಬಿಸಿಲನ್ನೂ ಅರಿತು ಮೊದಲೇ ಯೋಚಿಸುವವರು ಊರಿಗೆ ಬೇಕು ಎನ್ನುವುದು ಇದಕ್ಕೇ. ಇಂಥ ವಿಷಯದಲ್ಲಿ ಅವಳಿಗೆ ಸುತ್ತಲೂ ಪಾಠವಿದೆ. ಕೋರೆಯಲ್ಲಿ ಕಡಿಯುವಾಗ ಮೆದುವಾಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಮುರಕಲ್ಲು, ಅದರಲ್ಲೇ ಕಟ್ಟಿದ ಬೇಕಲದ ಕೋಟೆ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಸುರಂಗಗಳು, ಮಧೂರು ದೇವಸ್ಥಾನದ ಗಜಪೃಷ್ಠಾಕಾರದ ಮಾಡು. ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು, ಇಟ್ಟಿಗೆಯ ಸುಮಾರು ಕಾಲುಭಾಗವನ್ನು ಉಳಿಸುವ ಗೋಡೆಗಳನ್ನು ಕೇರಳದಲ್ಲಿಯೇ ಕಟ್ಟಿ ತೋರಿಸಿದ್ದಾರೆ. ಕಡಿಮೆ ಖರ್ಚಿನಲ್ಲಿ ಚೆಂದದ ಮನೆ ಆಗದೆಂದು ಹೇಳುವವರ ಮಾತನ್ನು ನಾನು ಒಪ್ಪದಿರುವುದು ಬೇಕರ್ ಅವರ ಕೆಲಸದಿಂದಾಗಿ.

ಆರ್ಕಿಟೆಕ್ಚರ್ ಪದವಿಯಾದ ಬಿ.ಆರ್ಕ್. ಐದು ವರ್ಷದ ಓದು. ಅದರ ಪ್ರವೇಶಕ್ಕೆ ನಾಟಾ ಪರೀಕ್ಷೆ ಬರೆಯಬೇಕು, ಪ್ಲಸ್ ಟುವಿನಲ್ಲಿ ಗಣಿತವನ್ನು ಬಿಡಬಾರದು. ಮುಂದೆ ಪೀಠೋಪಕರಣ, ಬಟ್ಟೆ ಮುಂತಾದವುಗಳ ವಿನ್ಯಾಸದತ್ತ ಮನಸ್ಸು ಹೊರಳಿದರೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಂಥ ಸಂಸ್ಥೆಗಳಿವೆ.

ಈ ರಜೆಯಲ್ಲಿ ಅವಳ ಕೈಗೊಂದು ಅಳತೆಯ ಟೇಪು ಕೊಟ್ಟು, ಚಾವಡಿಯಿಂದ ಅಟ್ಟದವರೆಗೆ ಮನೆಯನ್ನು ಅಳೆದು ನಕ್ಷೆ ಬಿಡಿಸಲು ಹೇಳಿ. ಅರ್ಥವಾಗದ್ದನ್ನು ಮೇಸ್ತ್ರಿಯವರಲ್ಲಿ ಕೇಳಲಿ, ಅವರಷ್ಟು ಬಲ್ಲವರು ಕಾಲೇಜಿನಲ್ಲಿಯೂ ವಿರಳ. ಬಿಡಿಸಿದ್ದನ್ನು ನನಗೆ ಕಳುಹಿಸಲಿ. ಶುಲ್ಕದ ಚಿಂತೆ ನಿಮಗೊಬ್ಬರಿಗೇ ಬೇಡ, ಅದರಲ್ಲಿ ನನ್ನದೂ ಪಾಲಿರಲಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ
ತಂಗಿ