ಆ ಎಂಟು ತಟ್ಟೆ ತೊಳೆದವರು ಯಾರು?

ಪ್ರೀತಿಯ ಮಗಳೇ,

ನಿನ್ನ ಕಾದಂಬರಿಯ ಆರು ಅಧ್ಯಾಯ ಕೈಸೇರಿ ಹದಿನೈದು ದಿನವಾಯಿತು. ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಕೂತೆ. ಜೊತೆಗಿಟ್ಟ ಪತ್ರವನ್ನು ಮಾತ್ರ ಅದೆಷ್ಟು ಸಲ ಓದಿದೆನೋ. "ಸ್ಪರ್ಧೆಯಿಂದ ವಾಪಸ್ ಬಂತು ಮೇಡಂ. ಎಲ್ಲ ಡಿಲೀಟ್ ಮಾಡಿ ಸುಮ್ನೆ ಕೆಲಸ ನೋಡಿಕೊಂಡು ಇದ್ದುಬಿಡೋಣ ಅನ್ನಿಸುತ್ತೆ" ಅಂತ ಬರೆದಿದ್ದೀಯ. ಹೊಟ್ಟೆಯೊಳಗೆ ಚುರುಕ್ ಅಂತು. ಡಿಲೀಟ್ ಮಾಡಬೇಡ. ಮಾಡಿದ್ದರೂ ಚಿಂತೆಯಿಲ್ಲ, ನನ್ನ ಹತ್ತಿರ ಒಂದು ಪ್ರತಿ ಇದೆ.

ಇನ್ನೊಂದು ಮಾತು. ಮೇಡಂ ಅನ್ನೋದು ಬೇಡ. ನಿಮ್ಮಮ್ಮನಿಗಿಂತ ನಾನು ಹದಿನೈದು ವರ್ಷಕ್ಕಾದರೂ ದೊಡ್ಡವಳು. ದೊಡ್ಡಮ್ಮ ಅನ್ನು.

ಯಾವ ಪ್ರಕಾಶಕರಿಗೆ ಕಳಿಸಬೇಕು, ಎಷ್ಟು ಪುಟ ಇರಬೇಕು, ಇಂಗ್ಲಿಷ್ ಪದ ಎಷ್ಟು ಬಳಸಬಹುದು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡೋರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳಬೇಕಾಗಿರೋದು ಬೇರೆ.

ನಿನ್ನ ಎರಡನೆಯ ಅಧ್ಯಾಯಕ್ಕೆ ಬರೋಣ. ವರ್ಷ 2075. ಬೆಂಗಳೂರಲ್ಲಿ ನಲವತ್ತನೆಯ ಮಹಡಿಯ ಮನೆ, ಯುಗಾದಿ ಹಬ್ಬ. ಗೋಡೆ ಮಾತಾಡುತ್ತೆ. ಊಟ ತಾನಾಗಿಯೇ ಮೇಜಿಗೆ ಬರುತ್ತೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಅಜ್ಜಿ, ಊರಿಂದ ಬಂದ ಇಬ್ಬರು ಚಿಕ್ಕಪ್ಪಂದಿರು, ಒಬ್ಬ ಸೋದರಮಾವ, ಒಟ್ಟು ಎಂಟು ಜನ ಹೋಳಿಗೆ ತಿಂದು ಏಳುತ್ತಾರೆ. ಮುಂದಿನ ಪುಟದಲ್ಲಿ ಎಲ್ಲರೂ ತಾರಸಿ ಮೇಲೆ ಇದ್ದಾರೆ. ಮೇಜಿನ ಮೇಲೆ ತುಪ್ಪ ಅಂಟಿದ ಎಂಟು ತಟ್ಟೆ ಹಾಗೇ ಬಿದ್ದಿವೆ.

ಆ ತಟ್ಟೆ ತೊಳೆದವರು ಯಾರು?

ಯಂತ್ರ ತೊಳೆಯಿತು ಅನ್ನುತ್ತೀಯ. ಸರಿ, ಹಾಗೇ ಬರಿ. ಆದರೆ ತಟ್ಟೆಗಳನ್ನು ಯಂತ್ರದೊಳಗೆ ಜೋಡಿಸಿದವರು ಯಾರು? ಜಾಲರಿಗೆ ಸಿಕ್ಕಿಕೊಂಡ ಅನ್ನದ ಅಗುಳು ಕಿತ್ತವರು ಯಾರು? ಅದು ಕೆಟ್ಟು ನಿಂತಾಗ ಬಂದ ರಿಪೇರಿ ಹುಡುಗ ಯಾವ ಊರಿನವನು? ಮನೆಯವರ ಲಿಫ್ಟ್‌ನಲ್ಲಿ ಬಂದನಾ, ಕೆಲಸದವರ ಲಿಫ್ಟ್‌ನಲ್ಲಿ ಬಂದನಾ? ನಾಲ್ಕನೆಯ ಅಧ್ಯಾಯದಲ್ಲಿ ಡ್ರೋನ್ ಬಗ್ಗೆ ಮೂರು ಪುಟ ಬರೆದಿದ್ದೀಯ. ಈ ಹುಡುಗನಿಗೆ ಅರ್ಧ ಸಾಲು ಇಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂತು.

ನಾನು ಹುಟ್ಟಿದ್ದು ಕೆ.ಆರ್. ನಗರದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಸಂಜೆ ಲಾಟೀನಿನ ಗಾಜು ಒರೆಸೋದು ನನ್ನ ಕೆಲಸವಾಗಿತ್ತು. ಯಾಕೆ ಗೊತ್ತಾ? ಗಾಜಿನ ಬಾಯಿ ಚಿಕ್ಕದು. ದೊಡ್ಡವರ ಕೈ ಒಳಗೆ ಹೋಗೋದಿಲ್ಲ. ಒಲೆಯ ಬೂದಿಯನ್ನು ಹಳೇ ಪಂಚೆಯ ಚೂರಿಗೆ ಹಚ್ಚಿ, ಕೈ ತೂರಿಸಿ, ಮೆಲ್ಲಗೆ ತಿರುಗಿಸಬೇಕು. ಒಡೆದರೆ ಅಪ್ಪನ ಕೈಲಿ ಏಟು. ಒರೆಸಿದ ಗಾಜನ್ನು ಮುಳುಗೋ ಸೂರ್ಯನಿಗೆ ಹಿಡಿದು, ಎಲ್ಲಾದರೂ ಮಸಿ ಉಳಿದಿದೆಯಾ ಅಂತ ಅಜ್ಜಿ ನೋಡೋರು. ನನಗೆ ಹನ್ನೊಂದು ವರ್ಷವಾದಾಗ ಊರಿಗೆ ಕರೆಂಟು ಬಂತು. ಎಲ್ಲರೂ ಬಲ್ಬು ನೋಡಿದರು. ನಾನು ನನ್ನ ಕೈ ನೋಡಿಕೊಂಡೆ. ದಿನಾ ಸಂಜೆ ಅರ್ಧ ಗಂಟೆ ನನಗೆ ಉಳಿಯಿತು. ಆ ಅರ್ಧ ಗಂಟೆಯಲ್ಲೇ ನಾನು ಓದೋಕೆ ಶುರು ಮಾಡಿದ್ದು.

ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿತು. ಆ ಜಲಪಾತಕ್ಕೆ ಕೋಲಾರಕ್ಕಿಂತ ನಮ್ಮೂರೇ ಹತ್ತಿರ. ಆದರೂ ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ನಮ್ಮ ಮನೆಯ ಹುಡುಗಿಯರು ಗಾಜು ಒರೆಸುತ್ತಲೇ ಇದ್ದರು. ನಿನ್ನ 2075ರಲ್ಲಿ ಎಲ್ಲ ಹೊಸತೂ ಎಲ್ಲರ ಮನೆಗೂ ಒಂದೇ ದಿನ ಬಂದುಬಿಟ್ಟಿದೆ. ಯಾವ ಕಾಲದಲ್ಲಿ ಹಾಗಾಗಿದೆ ಹೇಳು?

ಬದಲಾವಣೆ ಅಂದರೆ ಯಂತ್ರ ಅಂತಲೇ ನೀನು ಅಂದುಕೊಂಡ ಹಾಗಿದೆ. ನನ್ನ ಮನೆಗೆ ಬೆಳಿಗ್ಗೆ ಆರೂವರೆಗೆ ಪಾತ್ರೆ ತೊಳೆಯೋಕೆ ಒಬ್ಬಾಕೆ ಬರುತ್ತಾರೆ. ಮೊದಲು ಎರಡೂವರೆ ಕಿಲೋಮೀಟರ್ ನಡೆದೇ ಬರುತ್ತಿದ್ದರು. 2023ರ ಜೂನ್ 11ಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಅಂತ ಆಯಿತಲ್ಲ, ಅವತ್ತಿನಿಂದ ಬಸ್ಸು. ನಡಿಗೆ ಉಳಿದ ಹೊತ್ತಲ್ಲಿ ಇನ್ನೊಂದು ಮನೆಯ ಕೆಲಸ ಹಿಡಿದರು. ವರ್ಷಕ್ಕೊಂದು ಸಲ ಧರ್ಮಸ್ಥಳಕ್ಕೂ ಹೋಗಿಬರುತ್ತಾರೆ, ಗಂಡನನ್ನು ಕೇಳದೆ. ಇದರಲ್ಲಿ ಹೊಸ ಯಂತ್ರ ಎಲ್ಲಿದೆ? ಬಸ್ಸು ಹಳೇದು, ರಸ್ತೆ ಹಳೇದು. ಒಂದು ಆದೇಶ, ಒಂದು ಶೂನ್ಯ ಟಿಕೆಟ್. ಅಷ್ಟಕ್ಕೇ ಆಕೆಯ ಬೆಳಗಿನ ಹೊತ್ತೇ ಬೇರೆಯಾಯಿತು. 2075ರಲ್ಲಿ ಇಂಥದ್ದು ಏನೇನು ಆಗಿರಬಹುದು ಅಂತ ಯೋಚಿಸಿದ್ದೀಯಾ?

ಈಗ ನಿನ್ನ ಮೇಜಿನ ಸುತ್ತ ಕೂತವರನ್ನು ನೋಡೋಣ. ಇಬ್ಬರು ಚಿಕ್ಕಪ್ಪಂದಿರು, ಒಬ್ಬ ಸೋದರಮಾವ. ನೀನು ಒಬ್ಬಳೇ ಮಗಳು ಅಂತ ಪತ್ರದಲ್ಲಿ ಬರೆದಿದ್ದೀಯ. ನಾಳೆ ನಿನಗೆ ಮಗುವಾದರೆ ಅದಕ್ಕೆ ಸೋದರಮಾವ ಎಲ್ಲಿಂದ ಬರುತ್ತಾನೆ? ಚಿಕ್ಕಮ್ಮ ಎಲ್ಲಿದ್ದಾಳೆ? ನೀನು ಮದುವೆಯಾಗೋ ಹುಡುಗನೂ ಒಬ್ಬನೇ ಮಗ ಆದರೆ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ ಯಾರೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಎರಡಕ್ಕೂ ಕಡಿಮೆ. ನನ್ನ ಅಮ್ಮನಿಗೆ ಏಳು ಜನ ಮಕ್ಕಳು. ನಾನು ಯಾರನ್ನು ಏನಂತ ಕರೀಬೇಕು ಅಂತ ಕಲಿಯೋಕೇ ಬಾಲ್ಯವೆಲ್ಲ ಬೇಕಾಯಿತು. ಈಗಾಗಲೇ ಅರ್ಧ ಸಂಬಂಧಗಳನ್ನು ಆಂಟಿ, ಅಂಕಲ್ ನುಂಗಿವೆ.

ಮದುವೆಯಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರೋದು ಸೋದರಮಾವ ಅಲ್ವಾ? 2075ರ ಮದುವೆಮನೆ ನೆನೆಸಿಕೋ. ಪುರೋಹಿತರು ಸೋದರಮಾವನನ್ನು ಕರೀತಾರೆ. ಯಾರೂ ಏಳೋದಿಲ್ಲ. ಆಮೇಲೆ? ಅಪ್ಪ ಎದ್ದು ಬರುತ್ತಾನಾ? ಅಮ್ಮನ ಗೆಳತಿ ಬಂದು ಕೈ ಹಿಡೀತಾಳಾ? ಹುಡುಗಿ ತಾನೇ ನಡೆದು ಬರುತ್ತಾಳಾ? ನೋಡು, ಇದು ಕಥೆ. ಇದಕ್ಕೆ ಒಂದು ಡ್ರೋನೂ ಬೇಕಿಲ್ಲ.

ನಿನ್ನನ್ನು ಬೈಯುವಾಗ ನನ್ನ ತಪ್ಪನ್ನು ಮುಚ್ಚಿಡೋದು ಸರಿಯಲ್ಲ. 1984ರಲ್ಲಿ ಒಂದು ದೀಪಾವಳಿ ವಿಶೇಷಾಂಕದವರು "2020ರ ಒಂದು ದಿನ" ಅಂತ ಕಥೆ ಬರೆದುಕೊಡಿ ಅಂದರು. ಬರೆದೆ. ಚಾಮುಂಡಿ ಬೆಟ್ಟದ ಮೇಲೆ ಹಾರೋ ಗಾಡಿ, ಊಟದ ಬದಲು ಮಾತ್ರೆ. ಸಾವಿನ ಸುದ್ದಿ ಹೇಳೋಕೆ ಟೆಲಿಗ್ರಾಂ ಬರುತ್ತೆ. ಟೆಲಿಗ್ರಾಂ ಸೇವೆ 2013ರಲ್ಲೇ ನಿಂತುಹೋಯಿತು. ಇದು ಕ್ಷಮಿಸಬಹುದಾದ ತಪ್ಪು, ಯಾರಿಗೂ ಗೊತ್ತಿರಲಿಲ್ಲ. ಕ್ಷಮಿಸಲಾಗದ್ದು ಇನ್ನೊಂದಿದೆ. ಆ ಕಥೆಯ ಸೊಸೆ 2020ರಲ್ಲೂ ಐದು ಗಂಟೆಗೆ ಎದ್ದು, ರಂಗೋಲಿ ಹಾಕಿ, ಎಲ್ಲರಿಗೂ ಕಾಫಿ ಕೊಟ್ಟು, ಕೊನೆಗೆ ಒಬ್ಬಳೇ ಕೂತು ಉಣ್ಣುತ್ತಾಳೆ. ಆಗ ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ದಿನಾ ಬೆಳಿಗ್ಗೆ ಮನೆಕೆಲಸವೆಲ್ಲ ಮುಗಿಸಿ ಬಸ್ಸಿಗೆ ಓಡುತ್ತಿದ್ದೆ. ಆ ಸುಸ್ತು ನನ್ನ ಮೈಮೇಲೇ ಇತ್ತು. ಹಾರೋ ಗಾಡಿ ಕಲ್ಪಿಸಿಕೊಂಡ ನಾನು, ಗಂಡಸೊಬ್ಬ ಕಾಫಿ ಬೆರೆಸಿ ಕೊಡೋದನ್ನು ಕಲ್ಪಿಸಿಕೊಳ್ಳಲಿಲ್ಲ.

ಆ ಕಥೆಯಲ್ಲಿ ನಿಜವಾದ ಒಂದೇ ಒಂದು ಪ್ಯಾರಾ ಇತ್ತು. ಕೊನೆಯದು. ಮಕ್ಕಳು ಬೇರೆ ದೇಶದಲ್ಲಿದ್ದಾರೆ. ಮುದುಕಿಯೊಬ್ಬಳು ದೊಡ್ಡ ಮನೆಯಲ್ಲಿ ಒಬ್ಬಳೇ. ದನಿ ಎಲ್ಲಿ ಕಟ್ಟಿಹೋಗುತ್ತೋ ಅಂತ ದಿನಕ್ಕೊಂದು ಸಲ ಗಟ್ಟಿಯಾಗಿ ಪೇಪರ್ ಓದುತ್ತಾಳೆ. ಸಂಪಾದಕರು ಅದನ್ನು ತೆಗೆಯಬೇಕು ಅಂದರು. "ನಮ್ಮಲ್ಲಿ ಹಾಗಾಗೋದಿಲ್ಲ, ಇದು ಅಮೆರಿಕದ ಕಥೆ" ಅಂದರು. ನಾನು ಒಪ್ಪಿಕೊಂಡೆ. ಬಣ್ಣದ ಚಿತ್ರದ ಜೊತೆ ಹೆಸರು ಬರುತ್ತೆ ಅನ್ನೋ ಆಸೆ. ಬಂತು ಕೂಡ. ಓದುಗರ ಪತ್ರಗಳೂ ಬಂದವು. ಎಲ್ಲರೂ ಹಾರೋ ಗಾಡಿಯನ್ನು ಹೊಗಳಿದ್ದರು. ಆ ಸಂಪಾದಕರ ಮೇಲೆ ಎಷ್ಟೋ ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಅವರು ಈಗಿಲ್ಲ. ಬೇಡ, ತೆಗೆಯಬೇಡಿ ಅಂತ ಒಂದು ಕಾರ್ಡು ಹಾಕಿದ್ದರೆ ಸಾಕಿತ್ತು. ನಾನು ಹಾಕಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿ ಕೊರೀತಾ ಇದೆ.

ಈಗ ಮೈಸೂರಿನ ನಮ್ಮ ಬೀದಿಯಲ್ಲಿ ಹನ್ನೊಂದು ಮನೆ. ಆರರಲ್ಲಿ ಬರೀ ವಯಸ್ಸಾದವರು. ಬೆಳಿಗ್ಗೆ ನಾನು ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ ಅಡುಗೆ ಮಾಡುತ್ತೇನೆ. ಆ ಕಡೆ ಮಗಳು. ಅವಳಿಗೆ ರಾತ್ರಿ. "ಅಮ್ಮ, ಆ ಕಡೆ ಒಲೆ ಸಣ್ಣ ಮಾಡು, ಉಕ್ಕುತ್ತೆ" ಅಂತಾಳೆ. ಹಾಲು ಉಕ್ಕೋದು ನನಗಿಂತ ಮೊದಲು ಅವಳಿಗೆ ಕಾಣುತ್ತೆ. 1984ರಲ್ಲಿ ಇದನ್ನು ಬರೆದಿದ್ದರೆ ನನ್ನನ್ನು ಯಾರೂ ನಂಬುತ್ತಿರಲಿಲ್ಲ. ಆದರೆ ಒಬ್ಬಳೇ ಕೂತ ಆ ಮುದುಕಿ ನನಗೆ ಆಗಲೇ ಕಂಡಿದ್ದಳು.

ನಿನಗೂ ಹಾಗೆ ಒಂದು ಕಂಡಿದೆ. ಅದಕ್ಕೇ ಈ ಪತ್ರ ಇಷ್ಟು ಉದ್ದವಾಯಿತು. ಐದನೆಯ ಅಧ್ಯಾಯದಲ್ಲಿ ಅಜ್ಜಿ ನಲ್ಲಿ ತಿರುಗಿಸಿ, ಬಿಂದಿಗೆ ಒಡ್ಡದೆ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಮೊದಲು ಬರೋದು ಗಾಳಿ ಅನ್ನೋ ಹಳೇ ಅಭ್ಯಾಸ. ಆ ಸಾಲಿನ ಪಕ್ಕ ನಾನು ಮೂರು ಗೀಟು ಎಳೆದಿದ್ದೇನೆ.

ಆದರೆ ಅದೇ ಅಜ್ಜಿಗೆ ಒಂಬತ್ತು ಗಜದ ಸೀರೆ ಉಡಿಸಿ, ಕೈಗೆ ಬತ್ತಿ ಹೊಸೆಯೋ ಹತ್ತಿ ಕೊಟ್ಟಿದ್ದೀಯ. ಅವಳು ನಿನ್ನ ಅಜ್ಜಿ, 2075ರ ಅಜ್ಜಿ ಅಲ್ಲ. ಲೆಕ್ಕ ಹಾಕು ಮಗಳೇ. 2075ರಲ್ಲಿ ಎಪ್ಪತ್ನಾಲ್ಕು ವರ್ಷದವಳು ಅಂದರೆ 2001ರಲ್ಲಿ ಹುಟ್ಟಿದವಳು. ಅವಳು ನೀನೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ನಿನ್ನ ಪಿ.ಜಿ.ಯ ಹುಡುಗಿಯರೆಲ್ಲ ಬಕೆಟ್ ಹಿಡಿದು ಟ್ಯಾಂಕರ್ ಮುಂದೆ ನಿಂತಿರಿ ಅಂತ ಬರೆದಿದ್ದೀಯಲ್ಲ, ಆ ಹುಡುಗಿಯೇ ಈ ಅಜ್ಜಿ. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ನೀರು ತರೋ ಕಾವೇರಿ ಯೋಜನೆಯ ಐದನೆಯ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಜಾಸ್ತಿ ನೀರು, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ತರೋದು. ನೀರು ಬಂತು. ಆದರೂ ನಲ್ಲಿ ಮುಂದೆ ನಿಂತು ಕಾಯೋ ಅಭ್ಯಾಸ ಅವಳನ್ನು ಬಿಡಲಿಲ್ಲ. ಅವಳ ಮಂಡಿ ನೋಯೋದು ಹೇಗೆ, ಯಾವ ಹಾಡು ಅವಳಿಗೆ ಹಳೇ ಹಾಡು, ಮೊಮ್ಮಕ್ಕಳಿಗೆ ಅರ್ಥವಾಗದ ಅವಳ ಮಾತು ಯಾವುದು, ಇದೆಲ್ಲ ನಿನ್ನೊಬ್ಬಳಿಗೇ ಗೊತ್ತು.

ಇನ್ನು ತಿಪಟೂರು. ಕೊಬ್ಬರಿ ಊರಿನ ಹುಡುಗಿ ನೀನು. ಆರು ಅಧ್ಯಾಯದಲ್ಲಿ ಒಂದು ತೆಂಗಿನಮರ ಇಲ್ಲ! ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯೋ ಮನೆ ನಿಮ್ಮದು. ಅಷ್ಟು ದಿನ ಕಾಯೋರು 2075ರಲ್ಲಿ ಇರುತ್ತಾರಾ? ಮರ ಹತ್ತೋರು ಈಗಲೇ ಸಿಗೋದಿಲ್ಲ ಅಂತ ನಿಮ್ಮಪ್ಪ ಗೊಣಗುತ್ತಿರಬೇಕು. ಅವರನ್ನು ಕೂರಿಸಿಕೊಂಡು ಕೇಳು. ಮುಂದಿನ ವರ್ಷ ಯಾರು ಹತ್ತುತ್ತಾರೆ, ಹತ್ತು ವರ್ಷ ಬಿಟ್ಟು ಯಾರು, ತೋಟ ಯಾರ ಹೆಸರಿಗೆ. ಕೊನೆಯ ಪ್ರಶ್ನೆಗೆ ಅವರು ಸುಮ್ಮನಾದರೆ, ನೀನೂ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿರು. ಆಮೇಲೆ ಬರಿ.

ಹಸ್ತಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಪೆನ್ಸಿಲ್ ಗುರುತು ಜಾಸ್ತಿ ಇದೆ ಅಂತ ಹೆದರಬೇಡ. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಮೈಸೂರಿಗೆ ಬಾ. ಎರಡನೆಯ ಅಧ್ಯಾಯವನ್ನು ಹೊಸದಾಗಿ ಬರೆದು ತಾ, ನನ್ನ ಮುಂದೆ ಕೂತು ಓದು. ಜೊತೆಗೆ ನಿಮ್ಮ ಅಟ್ಟದಿಂದ ಒಂದು ಕಾಯಿ ತಾ. ಸುಲಿಯಬೇಡ, ಸಿಪ್ಪೆ ಸಮೇತ ತಾ. ಒಣಗಿದ ಕೊಬ್ಬರಿ ಒಳಗೆ ಗಡಗಡ ಅಂತ ಉರುಳೋ ಸದ್ದು ಕೇಳಿ ನನಗೆ ತುಂಬಾ ವರ್ಷವಾಯಿತು.

ನಿನ್ನ,
ದೊಡ್ಡಮ್ಮ