ಚಂದ್ರವಳ್ಳಿಯ ಮಟಮಟ ಮಧ್ಯಾಹ್ನ

ಪ್ರೀತಿಯ ಗೆಳೆಯ,

ಮೇ ತಿಂಗಳ ಬಿಸಿಲಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಮ್ಮ ಚಿತ್ರದುರ್ಗದ ಚಂದ್ರವಳ್ಳಿ ತೋಟಕ್ಕೆ ಹೊರಟಿದ್ದೇನೆ ಅಂದಾಗ ನೀನು ಫೋನಲ್ಲೇ ಬೈದೆ. ಬೆಳಿಗ್ಗೆ ಆರಕ್ಕೆ ಹೋಗು, ಇಲ್ಲಾಂದ್ರೆ ಸಂಜೆ ಹೋಗು, ಬೆಳಕಾದರೂ ಮೆತ್ತಗಿರುತ್ತದೆ ಅಂದೆ. ಫೋಟೋ ತೆಗೆಯುವವರೆಲ್ಲ ಹೇಳುವುದು ಅದನ್ನೇ. ಆದರೂ ನಾನು ಹೊತ್ತು ನೆತ್ತಿಗೆ ಬರುವಾಗಲೇ ಹೋದೆ. ಯಾಕೆ ಅಂತ ಫೋನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಈ ಪತ್ರ.

ಬೆಳಿಗ್ಗೆ ಎಲ್ಲ ಜೀವಿಗಳೂ ಆರಾಮಾಗಿರುತ್ತವೆ. ನಮ್ಮ ದುರ್ಗದ ಬಿಸಿಲನ್ನು ಅವು ಹೇಗೆ ತಡೆದುಕೊಳ್ಳುತ್ತವೆ ಅಂತ ಆಗ ಗೊತ್ತಾಗುವುದಿಲ್ಲ. ಅದನ್ನು ನೋಡಬೇಕಾದರೆ ಬಿಸಿಲಿಗೇ ಹೋಗಬೇಕು. ಮೊಬೈಲ್ 38 ಡಿಗ್ರಿ ತೋರಿಸುತ್ತಿತ್ತು. ಸುತ್ತ ಗುಡ್ಡ, ಎಲ್ಲ ಕಡೆ ಬಂಡೆ. ಬಂಡೆ ಕಾದರೆ ಹೇಗಿರುತ್ತದೆ ಅಂತ ನಿನಗೆ ನಾನು ಹೇಳಬೇಕಾ?

ತೋಟದೊಳಗೆ ಕಾಲಿಟ್ಟ ಕೂಡಲೇ ಹೊಂಗೆ ಮರ. ಯುಗಾದಿ ಹೊತ್ತಿಗೆ ಚಿಗುರಿದ ಎಲೆ ಈಗ ಬಲಿತು ಹಸಿರಾಗಿದೆ. ಕೆಳಗೆ ಉದುರಿದ ಹೂವು, ತಿಳಿ ನೇರಳೆ ಬಣ್ಣದ್ದು, ನೆಲ ಕಾಣದ ಹಾಗೆ ಹಾಸಿತ್ತು. ಮೇಲೆ ಜೇನುನೊಣಗಳ ಗುಂಯ್ ಸದ್ದು. ಆ ನೆರಳಲ್ಲಿ ನಾಲ್ಕು ಗೊರವಂಕ ಸುಮ್ನೆ ಕೂತಿದ್ದವು. ಎಲ್ಲವೂ ಕೊಕ್ಕು ತೆರೆದಿದ್ದವು, ಗಂಟಲು ಪಟಪಟ ಅಲುಗುತ್ತಿತ್ತು. ಹಕ್ಕಿಗಳು ನಮ್ಮ ಹಾಗೆ ಬೆವರುವುದಿಲ್ಲ. ಬಾಯಿ, ಗಂಟಲಿನ ತೇವ ಆರುವಾಗ ಮೈಯ ಶಾಖವೂ ಅದರ ಜೊತೆ ಹೋಗುತ್ತದೆ. ನಾನು ದೂರದಲ್ಲೇ ಕೂತೆ. ಆ ಹೊತ್ತಲ್ಲಿ ಅವನ್ನು ಎಬ್ಬಿಸಿ ಬಿಸಿಲಿಗೆ ಹಾರಿಸುವುದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಹಾರುವ ಹಕ್ಕಿಯ ಫೋಟೋ ಬೇಕು ಅಂತ ಕಲ್ಲು ಎಸೆಯುವವರನ್ನು ನೋಡಿದ್ದೇನೆ. ನನಗೆ ಹೊಟ್ಟೆ ಉರಿಯುತ್ತದೆ.

ಬೆಳಕಿನ ವಿಷಯಕ್ಕೆ ಬರುತ್ತೇನೆ, ನೀನು ತಕರಾರು ತೆಗೆದದ್ದು ಅಲ್ಲೇ ತಾನೆ. ಬಯಲಲ್ಲಿ ಮಧ್ಯಾಹ್ನದ ಬೆಳಕು ಕೆಟ್ಟದ್ದೇ, ಒಪ್ಪುತ್ತೇನೆ. ಬಿಳಿ ಇದ್ದದ್ದು ಸುಟ್ಟು ಹೋಗುತ್ತದೆ, ನೆರಳು ಕಪ್ಪಗೆ ಬರುತ್ತದೆ. ಆದರೆ ಚಂದ್ರವಳ್ಳಿಯಲ್ಲಿ ಮರದ ಪಕ್ಕದಲ್ಲೇ ಬಂಡೆ ಇದೆ. ಬಂಡೆಗೆ ಬಿದ್ದ ಬಿಸಿಲು ತಿರುಗಿ ಮರದ ಕೆಳಗೆ ಬರುತ್ತದೆ. ಹಾಗಾಗಿ ಕೊಂಬೆಯ ಮೇಲೆ ಕೂತ ಹಕ್ಕಿಯ ಹೊಟ್ಟೆಯ ಕಡೆಗೂ ಬೆಳಕು ಸಿಗುತ್ತದೆ. ಬೆಳಿಗ್ಗೆ ಹೊತ್ತು ಬಂಡೆಯಿಂದ ಬೆಳಕು ಹೀಗೆ ತಿರುಗಿ ಬರುವುದು ಕಡಿಮೆ. ಒಂದು ಪಿಕಳಾರದ ಬಾಲದ ಬುಡದ ಕೆಂಪು ಅಷ್ಟು ಚೆನ್ನಾಗಿ ಬಂದಿದೆ, ನೀನೇ ನೋಡು. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕು, ಸ್ವಲ್ಪ ಇಳಿಸಿಕೊಂಡಿದ್ದೆ, ಅಷ್ಟೇ. ದೂರದ್ದನ್ನು ಮಾತ್ರ ತೆಗೆಯಲು ಹೋಗಬಾರದು. ಕಾದ ಬಂಡೆಯಿಂದ ಏಳುವ ಬಿಸಿಗಾಳಿಯಲ್ಲಿ ಎಲ್ಲವೂ ನಡುಗಿದ ಹಾಗೆ ಬರುತ್ತದೆ, ಎಷ್ಟು ದುಡ್ಡಿನ ಲೆನ್ಸ್ ಆದರೂ ಸರಿ.

ಕೆರೆಯ ಅಂಚಿಗೆ ಇಳಿದೆ. ನೀರು ಹಿಂದೆ ಸರಿದಿದೆ. ಒಣ ಕಡ್ಡಿಯೊಂದರ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆ ಕೂತಿತ್ತು. ಬಾಲವನ್ನು ನೆಟ್ಟಗೆ ಸೂರ್ಯನಿಗೆ ಗುರಿ ಇಟ್ಟ ಹಾಗೆ ಮೇಲೆತ್ತಿತ್ತು. ತಲೆಕೆಳಗಾಗಿ ನಿಂತ ಹಾಗೆ ಕಾಣುತ್ತದೆ, ಆದರೆ ಆಟ ಅಲ್ಲ ಅದು. ಹಾಗೆ ನಿಂತರೆ ಮೈಗೆ ಬೀಳುವ ಬಿಸಿಲು ತೀರಾ ಕಡಿಮೆ. ಕೆಳಗೆ ಅದರ ನೆರಳು ಚುಕ್ಕಿಯಷ್ಟೇ ಇತ್ತು. ಹೊತ್ತು ಇಳಿದರೆ ಈ ಭಂಗಿ ನೋಡಲು ಸಿಗುವುದಿಲ್ಲ. ಮಂಡಿಯೂರಿ ತೆಗೆದೆ. ಮಂಡಿ ಸುಟ್ಟಿತು, ಫೋಟೋ ಸಿಕ್ಕಿತು.

ಅಲ್ಲೇ ಹತ್ತಿರದಲ್ಲಿ ಮಯೂರಶರ್ಮನ ಶಾಸನ ಇದೆಯಲ್ಲ, ಚಿಕ್ಕವರಿದ್ದಾಗ ಮೇಷ್ಟ್ರು ತೋರಿಸುತ್ತಿದ್ದರು. ಕದಂಬರ ಮಯೂರಶರ್ಮ ಕಟ್ಟಿಸಿದ ಕೆರೆ ಅಂತ ಬಂಡೆಯ ಮೇಲೆ ಪ್ರಾಕೃತದಲ್ಲಿ ಕೆತ್ತಿಸಿದ್ದಾನೆ, ನಾಲ್ಕನೇ ಶತಮಾನದಲ್ಲಿ. ತಾನು ಸೋಲಿಸಿದ ರಾಜ್ಯಗಳ ಪಟ್ಟಿಯೂ ಅದರಲ್ಲಿದೆ. ಆ ಪಟ್ಟಿ ನನಗೆ ಯಾವತ್ತೂ ನೆನಪಿರುವುದಿಲ್ಲ. ಆದರೆ ಬಾಯಾರಿ ನೀರು ಕುಡಿಯುತ್ತಿದ್ದ ಕೋತಿಮರಿಯನ್ನು ನೋಡುತ್ತಾ ನಿಂತಾಗ, ಕೆರೆ ಕಟ್ಟಿಸಿದ್ದನ್ನು ಮೊದಲು ಹೇಳಿಕೊಂಡನಲ್ಲ ಅನ್ನಿಸಿ ಅವನ ಮೇಲೆ ಪ್ರೀತಿ ಬಂತು.

ಈಗ ನಿಜವಾದ ಸುದ್ದಿ. ಓತಿಕ್ಯಾತ! ಬೇಲಿಯ ಮೇಲಿರುವುದಲ್ಲ, ಬಂಡೆಯ ಮೇಲಿರುವುದು. ಬೇರೆ ದಿನಗಳಲ್ಲಿ ಅದು ಕಲ್ಲಿನ ಬಣ್ಣದಲ್ಲೇ ಕಲ್ಲಿಗೆ ಅಂಟಿಕೊಂಡಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಈಗ ಅವುಗಳ ಜೋಡಿ ಕಟ್ಟುವ ಕಾಲ. ಗಂಡಿನ ಬೆನ್ನು ಕೆಂಪು, ಕೆಳಗೆಲ್ಲ ಕಪ್ಪು. ಕಾಲು ಚಾಚಿ ಹೊಟ್ಟೆಯನ್ನು ಬಂಡೆಯಿಂದ ಮೇಲೆತ್ತಿ ನಿಂತಿತ್ತು, ಬಿಸಿ ತಾಗದಿರಲಿ ಅಂತ. ಆಮೇಲೆ ಇನ್ನೊಂದು ಗಂಡು ಬಂತು. ನೋಡನೋಡುತ್ತಿದ್ದ ಹಾಗೇ ಇದರ ಬೆನ್ನಿನ ಕೆಂಪು ಹೋಗಿ ಹಳದಿ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಜಾತಿಯ ಮೇಲೆ ಅಧ್ಯಯನ ಮಾಡಿದ್ದಾರೆ. ಹೆಣ್ಣು ಎದುರಾದರೆ ಬೆನ್ನು ಕೆಂಪು, ಗಂಡು ಎದುರಾದರೆ ಹಳದಿ. ಓದಿ ತಿಳಿದಿತ್ತು, ಕಣ್ಣಾರೆ ನೋಡಿದ್ದು ಈಗ. ಎರಡೂ ತಲೆ ಮೇಲೆ ಕೆಳಗೆ ಆಡಿಸಿದವು, ಒಂದಕ್ಕೊಂದು ಅಡ್ಡಡ್ಡ ನಿಂತವು, ಹೊಸದಾಗಿ ಬಂದದ್ದು ಸಂದಿಯೊಳಗೆ ಓಡಿತು. ನನ್ನ ಕೈ ನಡುಗುತ್ತಿತ್ತು ಕಣೋ. ಕೆಂಪಿದ್ದಾಗಿನದು, ಹಳದಿ ಆದಾಗಿನದು, ಎರಡೂ ಸಿಕ್ಕಿವೆ.

ಒಂದು ವಿಷಯ ಮಾತ್ರ ಮನಸ್ಸಿಗೆ ತುಂಬಾ ಬೇಜಾರು ಮಾಡಿತು. ದಾರಿಯ ಪಕ್ಕ ಯಾರೋ ಒಣಗಿದ ಎಲೆಯನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು, ಇನ್ನೂ ಹೊಗೆಯಾಡುತ್ತಿತ್ತು. ಆ ಎಲೆಯ ಕೆಳಗೆ ನೆಲ ತಣ್ಣಗಿರುತ್ತದೆ. ಹುಳ ಹುಪ್ಪಟೆ ಅಲ್ಲೇ ಇರುತ್ತವೆ, ಗೊರವಂಕ ಎಲೆ ಕೆದಕಿ ತಿನ್ನುವುದು ಅವನ್ನೇ. ಎಲೆ ಕಸ ಅಲ್ಲ. ಮರದ ಬುಡದಲ್ಲೇ ಬಿಟ್ಟರೆ ಗೊಬ್ಬರವಾಗುತ್ತದೆ, ಮೊದಲ ಮಳೆಯ ನೀರನ್ನೂ ಹಿಡಿದಿಡುತ್ತದೆ. ನಮ್ಮಂಥ ಮಳೆ ಕಡಿಮೆ ಇರುವ ಊರಲ್ಲಿ ಅದನ್ನು ಸುಡಬಾರದು. ಅಲ್ಲಿ ವಾಕಿಂಗ್ ಬರುವ ಹಿರಿಯರೊಬ್ಬರ ಜೊತೆ ಮಾತಾಡಿದೆ. ಬೆಳಿಗ್ಗೆ ಬರುವವರನ್ನೆಲ್ಲ ಸೇರಿಸಿ ಹೇಳೋಣ, ನೀನು ಫೋಟೋ ತಗೊಂಡು ಬಾ ಅಂದರು. ಗೊರವಂಕ ಎಲೆ ಕೆದಕುತ್ತಿರುವ ಫೋಟೋ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತಿದ್ದೇನೆ.

ನೀನು ಊರಿಗೆ ಬರುವುದಾದರೆ ಬೇಗ ಬಾ, ಓತಿಕ್ಯಾತದ ಬಣ್ಣ ಇರುವಾಗಲೇ. ತಲೆಗೆ ಟವೆಲ್ಲು, ಒಂದು ಬಾಟಲಿ ಮಜ್ಜಿಗೆ ಇರಲಿ. ಬರುವಾಗ ನಿನ್ನ ಮ್ಯಾಕ್ರೋ ಲೆನ್ಸ್ ಮರೆಯಬೇಡ, ಹೊಂಗೆ ಎಲೆ ಮೇಲಿನ ಗಂಟುಗಳನ್ನು ಹತ್ತಿರದಿಂದ ತೆಗೆಯಬೇಕು. ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ದುರ್ಗದ ಗೆಳೆಯ